ಲೆಕ್ಕ ಕೇಳದ ಒಂದು ಮೂಲೆ

ನಿಮ್ಮ ಮನೆಯಲ್ಲಿ ಮೂರು ನಾಲ್ಕು ವರ್ಷದ ಮಗುವಿದ್ದರೆ ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಪ್ರಾರ್ಥನೆಯ ಪೀಠಕ್ಕೆ ಮನೆಯಲ್ಲಿ ಒಂದು ಸ್ಥಳವಿದೆ, ಟಿ.ವಿ.ಗೆ ಒಂದು ಸ್ಥಳವಿದೆ, ಬೈಕು ನಿಲ್ಲಿಸಲೂ ಒಂದು ಸ್ಥಳವಿದೆ. ಮಗು ತನ್ನದೆಂದು ಹೇಳಿಕೊಳ್ಳಬಹುದಾದ ಸ್ಥಳ ಯಾವುದು? ಅದು ಮಲಗುವ ಹಾಸಿಗೆ, ಓದುವ ಮೇಜು, ಉಣ್ಣುವ ತಟ್ಟೆ ಎಲ್ಲವೂ ನಾವು ಗೊತ್ತುಮಾಡಿದವು. ಅಲ್ಲಿ ಏನು ನಡೆಯಬೇಕೆಂಬುದೂ ನಮ್ಮದೇ ತೀರ್ಮಾನ. ಇಂಥ ಮನೆಯಲ್ಲಿ ಮಗುವಿಗೆ ಚಿತ್ರ ಬರೆಯಲು ಒಂದು ಮೂಲೆಯನ್ನು ಬಿಟ್ಟುಕೊಡುವುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಅದರ ಹಿಂದೆ ದೊಡ್ಡದೊಂದು ನೈತಿಕ ಪ್ರಶ್ನೆ ಅಡಗಿದೆ. ಮಗುವಿನ ಬೆಲೆ ಅದು ಮಾಡಿ ತೋರಿಸುವುದರಲ್ಲಿದೆಯೇ, ಅಥವಾ ಅದು ನಮ್ಮ ನಡುವೆ ಇರುವುದರಲ್ಲಿಯೇ ಇದೆಯೇ?

ಭದ್ರಾವತಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಅದು ದುಡಿಮೆಯ ಊರು. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಹಲವು ತಲೆಮಾರುಗಳು ಪಾಳಿಯ ಲೆಕ್ಕದಲ್ಲಿ ಬದುಕಿದವು. ಇಷ್ಟು ದುಡಿಮೆಗೆ ಇಷ್ಟು ಸಂಬಳ ಎಂಬುದೇ ಮನೆಯ ಗಣಿತವಾಯಿತು. ಸುಮಾರು 2015ರ ಹೊತ್ತಿಗೆ ಕಾಗದ ಕಾರ್ಖಾನೆಯ ಯಂತ್ರಗಳು ನಿಂತುಹೋದವು. ಕೆಲಸ ನಿಂತಾಗ ತಾವೇ ನಿಂತುಹೋದಂತೆ ಕುಗ್ಗಿದವರು ಉಂಟು. ಅವರ ಮನೆಯವರು ಅವರಿಗೆ ಹೇಳಬೇಕಾಗಿದ್ದ ಮಾತು ಒಂದೇ: ನಿಮ್ಮ ಕೆಲಸ ಹೋಗಿರಬಹುದು, ನಿಮ್ಮ ಬೆಲೆ ಹೋಗಿಲ್ಲ. ಆದರೆ ಈ ಮಾತನ್ನು ಐವತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕೇಳಿದವನು ಅದನ್ನು ನಂಬುವುದು ಕಷ್ಟ. ಮೂರನೆಯ ವಯಸ್ಸಿನಲ್ಲಿಯೇ ಅದನ್ನು ಅನುಭವಿಸಿದವನಿಗೆ ಅಷ್ಟು ಕಷ್ಟವಾಗದು.

ಬಹುಮಾನ ಮಾಡುವ ಹಾನಿ

ನಾವು ಪ್ರೀತಿಯಿಂದಲೇ ಮಾಡುವ ಒಂದು ಕಾರ್ಯವನ್ನು ಇಲ್ಲಿ ಪರಿಶೀಲಿಸೋಣ. 'ಚೆನ್ನಾಗಿ ಬರೆದರೆ ಚಾಕೊಲೇಟ್ ಕೊಡುತ್ತೇನೆ' ಎಂದು ಮಗುವಿಗೆ ಹೇಳುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ನಡೆಸಿದ ಪ್ರಯೋಗವೊಂದು 1973ರಲ್ಲಿ ಪ್ರಕಟವಾಯಿತು. ಚಿತ್ರ ಬರೆಯುವುದರಲ್ಲಿ ಸಹಜವಾಗಿಯೇ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಅವರು ಮೂರು ಗುಂಪುಗಳಾಗಿ ವಿಂಗಡಿಸಿದರು. ಚಿತ್ರ ಬರೆದರೆ ಚಿನ್ನದ ನಕ್ಷತ್ರವಿರುವ ಪ್ರಮಾಣಪತ್ರ ಕೊಡುತ್ತೇವೆಂದು ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಪ್ರಮಾಣಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಹೇಳಲೂ ಇಲ್ಲ, ಕೊಡಲೂ ಇಲ್ಲ. ಒಂದೆರಡು ವಾರಗಳ ನಂತರ ಬಿಡುವಿನ ಆಟದ ವೇಳೆಯಲ್ಲಿ ನೋಡಿದಾಗ, ಬಹುಮಾನದ ಮಾತು ಕೇಳಿ ಬರೆದಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಸಮಯವನ್ನು ಮಾತ್ರ ಚಿತ್ರಕ್ಕೆ ಕೊಡುತ್ತಿದ್ದರು. ಅನಿರೀಕ್ಷಿತವಾಗಿ ಪ್ರಮಾಣಪತ್ರ ಪಡೆದವರ ಆಸಕ್ತಿ ಕುಂದಿರಲಿಲ್ಲ.

ಇದರ ಅರ್ಥವನ್ನು ಗಮನಿಸಿ. ಹಾನಿ ಮಾಡಿದ್ದು ಉಡುಗೊರೆಯಲ್ಲ, ಕರಾರು. ನಿನ್ನೆಯವರೆಗೆ ಸಂತೋಷಕ್ಕಾಗಿ ಮಾಡುತ್ತಿದ್ದುದನ್ನು ಮಗು ಇಂದು ಕೂಲಿಗಾಗಿ ಮಾಡಿತು. ಕೂಲಿ ನಿಂತ ದಿನ ಬಣ್ಣದ ಕಡ್ಡಿಯನ್ನು ಕೆಳಗಿಟ್ಟಿತು. ಮೂರು ವರ್ಷದ ಮಗುವನ್ನು ಕೂಲಿಯಾಳಾಗಿ ಮಾಡುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ತಿದ್ದುವ ಕೈ

ಬಹುಮಾನಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯ ನಮ್ಮ ತಿದ್ದುವಿಕೆ. ಎರಡು ವರ್ಷದ ಮಗು ಗೀಚುತ್ತದೆ. ಮೂರರ ಹೊತ್ತಿಗೆ ಗೀಚು ಸುತ್ತಿ ಬಂದು ವೃತ್ತವಾಗುತ್ತದೆ. ನಂತರ ಆ ವೃತ್ತಕ್ಕೆ ಕಣ್ಣು, ಬಾಯಿ ಮೂಡಿ, ಅದರಿಂದಲೇ ನೇರವಾಗಿ ಎರಡು ಕಾಲುಗಳು ಇಳಿಯುತ್ತವೆ. ಇದು ಮಗು ಬರೆಯುವ ಮೊದಲ ಮನುಷ್ಯ. ರೋಡಾ ಕೆಲ್ಲಾಗ್ ಎಂಬ ವಿದ್ವಾಂಸೆ ಹಲವು ದೇಶಗಳಿಂದ ಲಕ್ಷಾಂತರ ಮಕ್ಕಳ ಚಿತ್ರಗಳನ್ನು ಸಂಗ್ರಹಿಸಿ, ಎಲ್ಲೆಡೆ ಮಕ್ಕಳ ಕೈ ಬಹುಮಟ್ಟಿಗೆ ಇದೇ ಹಾದಿಯಲ್ಲಿ ಸಾಗುತ್ತದೆಂದು ತೋರಿಸಿದರು. ಆದರೆ ನಾವು ಏನು ಮಾಡುತ್ತೇವೆ? 'ಹೊಟ್ಟೆ ಎಲ್ಲಿ? ಕೈ ಎಲ್ಲಿ?' ಎಂದು ಕೇಳಿ, ಪುಟ್ಟ ಕೈಯಿಂದ ಕಡ್ಡಿ ಕಸಿದುಕೊಂಡು, ನಾವೇ ಹೊಟ್ಟೆ ಬರೆದು ಮುಗಿಸುತ್ತೇವೆ. ಅಂದಿನಿಂದ ಮಗು 'ಅಮ್ಮಾ, ನೀನೇ ಬರೆದುಕೊಡು' ಎನ್ನುತ್ತದೆ. ಒಂದು ಹೊಟ್ಟೆ ಸಿಕ್ಕಿತು, ಒಂದು ಧೈರ್ಯ ಹೋಯಿತು.

ಹಾಗೆಂದು ಗೀಚಿದ್ದಕ್ಕೆಲ್ಲ 'ಸೂಪರ್' ಎನ್ನುವುದೂ ಸತ್ಯವಂತಿಕೆಯಲ್ಲ. ನೋಡದೆ ಹೊಗಳುವುದು ಒಂದು ಬಗೆಯ ಸುಳ್ಳು. ಮಗು ಅದನ್ನು ಬಹುಬೇಗ ಕಂಡುಹಿಡಿಯುತ್ತದೆ. ಪಕ್ಕದಲ್ಲಿ ಕುಳಿತು, ಕಂಡದ್ದನ್ನು ಹೇಳಿ: 'ಇಲ್ಲಿ ಕೆಂಪು ತುಂಬಾ ಹಾಕಿದ್ದೀಯಲ್ಲ, ಇದು ಏನೆಂದು ಹೇಳುತ್ತೀಯಾ?' ಆಗ ಕತೆಯೊಂದು ಹೊರಬರುತ್ತದೆ. ನೀವು ಚಿತ್ರಕ್ಕೆ ಅಂಕ ಕೊಡಲಿಲ್ಲ, ಮಗುವಿಗೆ ಕಿವಿ ಕೊಟ್ಟಿರಿ.

ಮೂಲೆ ಹೇಗಿರಬೇಕು?

ಇದಕ್ಕೆ ಹೆಚ್ಚು ಹಣ ಬೇಡ. ಕಿಟಕಿಯ ಬೆಳಕು ಬೀಳುವ ಕಡೆ ಒಂದು ಚಾಪೆ ಹಾಸಿರಿ. ಅದರ ಮೇಲೆ ಹಳೆಯ ದಿನಪತ್ರಿಕೆ. ಗೋಡೆಯಲ್ಲಿ ಮಗುವಿನ ಕೈಗೆ ಎಟಕುವ ಎತ್ತರಕ್ಕೆ ಚಾರ್ಟ್ ಹಾಳೆ ಅಂಟಿಸಿ. ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿರುವ ಅನೇಕರಿಗೆ ಗೋಡೆ ಕೆಟ್ಟರೆ ಮಾಲೀಕರು ಏನೆನ್ನುವರೋ ಎಂಬ ಭಯವಿರುತ್ತದೆ. ಆ ಭಯಕ್ಕೂ ಇದೇ ಪರಿಹಾರ. ಒಂದು ಸ್ಲೇಟು ಮತ್ತು ಬಳಪ, ದಪ್ಪನೆಯ ಮೇಣದ ಬಣ್ಣದ ಕಡ್ಡಿಗಳು, ಒಂದು ಬದಿ ಖಾಲಿಯಿರುವ ಕಾಗದಗಳು, ಹದವಾಗಿ ಕಲಸಿದ ಜೇಡಿಮಣ್ಣು, ಮೇಲೆ ತೊಡಿಸಲು ಅಪ್ಪನ ಹಳೆಯ ಅಂಗಿ ಇಷ್ಟಿದ್ದರೆ ಸಾಕು. ಬಾಯಿಗೋ ಮೂಗಿಗೋ ಹೋಗಬಹುದಾದ ಸಣ್ಣ ಮಣಿಗಳು ಬೇಡ. ಬರೆದದ್ದನ್ನು ತೂಗುಹಾಕಲು ಒಂದು ಹಗ್ಗ, ನಾಲ್ಕು ಬಟ್ಟೆಯ ಕ್ಲಿಪ್ಪುಗಳಿರಲಿ. ಅಕ್ಕ ತಮ್ಮ ಇಬ್ಬರಿದ್ದರೆ ಎರಡು ಹಗ್ಗ ಕಟ್ಟಿ. ಹೋಲಿಕೆಗೆ ಅವಕಾಶ ಕೊಡಬೇಡಿ.

ನಮ್ಮ ಮಲೆನಾಡಿಗೆ ಇದು ಅಪರಿಚಿತವಲ್ಲ. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಮಹಿಳೆಯರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಿಂದ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಹುರಿದು ಕರಿದಾದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನಿಂದ ಕುಂಚ. ಯಾವುದನ್ನೂ ಅಂಗಡಿಯಿಂದ ತರಲಿಲ್ಲ. ತಾಯಿ ಬರೆಯುವಾಗ ಪಕ್ಕದಲ್ಲಿ ಕುಳಿತ ಮಗಳು ನೋಡಿ ನೋಡಿಯೇ ಕಲಿತಳು. ಮನೆಯ ಗೋಡೆಯೇ ಕಲಿಕೆಯ ಮೂಲೆಯಾಗಿತ್ತು.

ಬೇಲಿಯುಳ್ಳ ಸ್ವಾತಂತ್ರ್ಯ

'ಇದೆಲ್ಲ ಸರಿ, ಎಲ್.ಕೆ.ಜಿ.ಗೆ ಸೇರುವಾಗ ಅಕ್ಷರ ಬರಬೇಕಲ್ಲ?' ಎಂದು ನೀವು ಕೇಳಬಹುದು. ಈ ಆತಂಕ ಸಹಜವಾದುದು. ಆದರೆ ಮಣ್ಣು ಮಿದ್ದ ಬೆರಳು, ಬಣ್ಣದ ಕಡ್ಡಿ ಹಿಡಿದ ಬೆರಳು ಪೆನ್ಸಿಲಿಗೂ ಸಿದ್ಧವಾಗುತ್ತಿರುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಹಂತದಲ್ಲಿ ಆಟ ಮತ್ತು ಚಟುವಟಿಕೆಯ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆ.

'ಶಿಸ್ತು ಕೆಡುವುದಿಲ್ಲವೇ?' ಎಂಬುದು ಇನ್ನೊಂದು ಪ್ರಶ್ನೆ. ಕೆಡಬೇಕಾಗಿಲ್ಲ. ಬಣ್ಣ ಚಾಪೆಯನ್ನು ದಾಟಬಾರದು, ಮುಗಿದ ಮೇಲೆ ಕಡ್ಡಿಗಳು ಡಬ್ಬಿಗೆ ಮರಳಬೇಕು, ತಮ್ಮನ ಹಾಳೆಯ ಮೇಲೆ ಗೀಚಬಾರದು. ಈ ಮೂರು ನಿಯಮಗಳನ್ನು ಗಟ್ಟಿಯಾಗಿ ಪಾಲಿಸಿ. ಬೇಲಿಯ ಒಳಗೆ ಮಾತ್ರ ಏನು ಬರೆಯಬೇಕು, ಎಷ್ಟು ಹೊತ್ತು ಬರೆಯಬೇಕು, ಬರೆಯಬೇಕೋ ಬೇಡವೋ ಎಂಬುದು ಮಗುವಿಗೆ ಸೇರಿದ್ದು. ಹೀಗೆ ನೋಡಿದರೆ ಆ ಮೂಲೆಯಲ್ಲಿ ಶಿಸ್ತು ಹೆಚ್ಚಾಗಿ ಬೇಕಾಗುವುದು ನಮಗೇ. ಕೈ ಚಾಚದಿರುವ ಶಿಸ್ತು, ಅವಸರಪಡಿಸದಿರುವ ಶಿಸ್ತು, ಪಕ್ಕದ ಮನೆಯ ಮಗುವಿನ ಹೆಸರೆತ್ತದಿರುವ ಶಿಸ್ತು.

ನಮ್ಮ ಮಕ್ಕಳು ನಾಳೆ ಅಂಕ, ಕೆಲಸ, ಸಂಬಳಗಳ ಲೋಕಕ್ಕೆ ಹೋಗಲೇಬೇಕು. ಆ ಲೋಕ ಅವರನ್ನು ದಿನವೂ ತೂಗುತ್ತದೆ. ಕೆಲವು ದಿನ ತೂಕ ಕಡಿಮೆಯೆಂದು ಹಿಂದಿರುಗಿಸಲೂಬಹುದು. ಅಂಥ ದಿನ ಅವರನ್ನು ನೆಟ್ಟಗೆ ನಿಲ್ಲಿಸುವುದು, ತಾವು ಏನನ್ನೂ ಗೆಲ್ಲದಿದ್ದಾಗಲೂ ಪ್ರೀತಿಯ ಕಣ್ಣುಗಳು ತಮ್ಮನ್ನು ನೋಡುತ್ತಿದ್ದವು ಎಂಬ ನೆನಪು. ಆ ನೆನಪಿಗೆ ನಾಲ್ಕು ಅಡಿಯ ಚಾಪೆಯಷ್ಟು ಜಾಗ ಸಾಕು. ಈ ವಾರವೇ ನಿಮ್ಮ ಮನೆಯಲ್ಲಿ ಆ ಜಾಗವನ್ನು ಹುಡುಕಿರಿ.