ಗೋಡೆಯ ಬೂಷ್ಟು ಮತ್ತು ಮನೆಯ ಹೊಣೆ

ಬಾಡಿಗೆಯ ಮನೆಯ ಗೋಡೆಗೆ ಬೂಷ್ಟು ಹಿಡಿದಾಗ, ಅದನ್ನು ಒರೆಸುವ ಮೊದಲೇ ತಪ್ಪು ಯಾರದೆಂಬ ವಾದ ಹುಟ್ಟುತ್ತದೆ. ಮಾಳಿಗೆ ಸೋರುತ್ತಿದೆ ಎನ್ನುತ್ತಾನೆ ಬಾಡಿಗೆದಾರ. ಕಿಟಕಿ ತೆರೆಯುವುದಿಲ್ಲ, ಒದ್ದೆ ಬಟ್ಟೆಯನ್ನು ಕೋಣೆಯಲ್ಲೇ ಹರವುತ್ತೀರಿ ಎನ್ನುತ್ತಾನೆ ಮಾಲೀಕ. ಎರಡು ಮಾತೂ ಅನೇಕ ಸಲ ನಿಜವೇ ಆಗಿರುವುದರಿಂದ ವ್ಯಾಜ್ಯ ಮುಗಿಯುವುದಿಲ್ಲ. ಬೂಷ್ಟು ಮಾತ್ರ ಬೆಳೆಯುತ್ತಿರುತ್ತದೆ.

ಈ ವಾದ ಎಲ್ಲಿಯವರೆಗೆ ಹೋಗಬಲ್ಲದೆಂಬುದನ್ನು ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಪ್ರಕರಣವೊಂದು ತೋರಿಸಿತು. ಸುಡಾನಿನಿಂದ ಬಂದು ನೆಲೆಸಿದ್ದ ಕುಟುಂಬದ ಅವಾಬ್ ಇಸಾಕ್ ಎಂಬ ಮಗು, ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ತಂದೆ 2017ರಲ್ಲಿಯೇ ಬೂಷ್ಟಿನ ಬಗ್ಗೆ ದೂರಿದ್ದ. ಅದರ ಮೇಲೆ ಬಣ್ಣ ಬಳಿಯುವಂತೆ ಅವನಿಗೆ ಸೂಚಿಸಲಾಗಿತ್ತು. ಆ ಕುಟುಂಬದ ಸ್ನಾನ ಮತ್ತು ಜೀವನಕ್ರಮವೇ ತೇವಕ್ಕೆ ಕಾರಣವೆಂಬ ಊಹೆಯೂ ಮನೆ ಕೊಟ್ಟ ಸಂಸ್ಥೆಯವರಲ್ಲಿತ್ತು. ಬೂಷ್ಟಿನ ನಡುವೆ ದೀರ್ಘಕಾಲ ಉಸಿರಾಡಿದ್ದರಿಂದ ಉಂಟಾದ ಶ್ವಾಸರೋಗವೇ ಸಾವಿಗೆ ಕಾರಣವೆಂದು 2022ರ ನವೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ನಿರ್ಣಯಿಸಿದರು. ಮನೆಯಲ್ಲಿ ಗಾಳಿಯಾಡಲು ಸಮರ್ಪಕ ವ್ಯವಸ್ಥೆಯೇ ಇರಲಿಲ್ಲ. ಆ ಮಗುವಿನ ಹೆಸರಿನ ನಿಯಮ 2025ರ ಅಕ್ಟೋಬರ್ 27ರಿಂದ ಅಲ್ಲಿನ ಸಾಮಾಜಿಕ ವಸತಿಗಳಿಗೆ ಜಾರಿಗೆ ಬಂದಿದೆ: ತುರ್ತು ಅಪಾಯಕ್ಕೆ 24 ಗಂಟೆಗಳಲ್ಲಿ ಪರಿಹಾರ; ಗಂಭೀರ ತೇವ ಮತ್ತು ಬೂಷ್ಟಿನ ದೂರಿಗೆ 10 ಕೆಲಸದ ದಿನಗಳೊಳಗೆ ಪರಿಶೀಲನೆ.

ಬೂಷ್ಟಿಗೆ ಬೇಕಾದುದು ತೇವ. ಆ ತೇವ ನೆಲದಿಂದ ಗೋಡೆಗೆ ಏರಬಹುದು, ಮಾಳಿಗೆಯಿಂದಲೋ ಒಡೆದ ಕೊಳವೆಯಿಂದಲೋ ಇಳಿಯಬಹುದು; ಅಡಿಗೆ ಮತ್ತು ಸ್ನಾನದ ಹಬೆ ತಣ್ಣನೆಯ ಗೋಡೆಯ ಮೇಲೆ ನೀರಾಗಿಯೂ ಕೂಡಬಹುದು. ಮೊದಲಿನವುಗಳನ್ನು ತಡೆಯುವ ಶಕ್ತಿ ಬಾಡಿಗೆದಾರನಿಗಿಲ್ಲ. ಕೊನೆಯದರಲ್ಲಿ ಅವನ ಪಾಲಿದೆ, ಆದರೆ ತೆರೆಯಲು ಕಿಟಕಿಯೊಂದು ಇದ್ದರೆ ಮಾತ್ರ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆದರೂ ಒಳಬರುವುದು ತೇವದ ಗಾಳಿಯೇ ಎಂಬುದನ್ನು ಮರೆಯಬಾರದು.

ಜೈನ ಗೃಹಸ್ಥನಿಗೆ ಇಲ್ಲಿ ಇನ್ನೊಂದು ಸಂಕಟವಿದೆ. ಪ್ರಾಕೃತ ಗ್ರಂಥಗಳು ‘ಪಣಗ’ವೆಂದು ಕರೆಯುವ ಬೂಷ್ಟು ಸಾಧಾರಣ ವನಸ್ಪತಿ, ಒಂದೇ ಶರೀರದಲ್ಲಿ ಅನಂತ ಜೀವಗಳ ನೆಲೆ. ಅದನ್ನು ಒರೆಸಿದರೆ ಹಿಂಸೆ. ಬಿಟ್ಟರೆ ಮನೆಯ ಮಗುವಿಗೆ, ಮುದುಕರಿಗೆ ಕೆಮ್ಮು, ಉಬ್ಬಸ. ಗೃಹಕೃತ್ಯದಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯ ಲೆಕ್ಕಕ್ಕೆ ಇದು ಸೇರುತ್ತದೆಂದು ಬಾಡಿಗೆದಾರ ಸಮಾಧಾನ ಪಡಬಹುದು. ಆದರೆ ಒಮ್ಮೆ ಕೊಳವೆ ಸರಿಪಡಿಸಿದ್ದರೆ ಹುಟ್ಟುತ್ತಲೇ ಇರದಿದ್ದ ಜೀವಗಳನ್ನು ವಾರವಾರವೂ ಒರೆಸುತ್ತ ವರ್ಷಗಳನ್ನು ಕಳೆಯುವಂತೆ ಮಾಡಿದವನ ಪಾಲೆಷ್ಟು? ಹಿಂಸೆಯ ಮೂಲ ಪ್ರಮಾದದಲ್ಲಿದೆಯೆಂದು ಬೋಧಿಸುವ ಧರ್ಮವು ಕೃತವನ್ನಷ್ಟೇ ಅಲ್ಲದೆ ಕಾರಿತವನ್ನೂ ಅನುಮೋದನೆಯನ್ನೂ ಎಣಿಸುತ್ತದೆ. ದೂರು ಕಿವಿಗೆ ಬೀಳುವವರೆಗೆ ಮಾಲೀಕನದು ಅಜ್ಞಾನ. ಬಿದ್ದ ಮೇಲೆಯೂ ಸುಮ್ಮನಿದ್ದರೆ ಅದಕ್ಕೆ ಅಜ್ಞಾನವೆಂಬ ಹೆಸರು ಸಲ್ಲದು.

ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಮನೆ ಬಿಡುವವನ ಮುಂಗಡದಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ರೂಢಿ ಬೆಂಗಳೂರಿನಲ್ಲಿ ಸಾಮಾನ್ಯ. ಆ ಹಣದಿಂದಲೇ ಬೂಷ್ಟಿನ ಮೇಲೆ ಸುಣ್ಣ ಬಣ್ಣ ಬಳಿದು, ಹೊಸಬನಿಗೆ ಒಣ ಮನೆಯೆಂದು ತೋರಿಸಿದರೆ ಅದಕ್ಕೆ ಏನೆನ್ನಬೇಕು? ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಒಂದು: ಕೆಟ್ಟದ್ದನ್ನು ಒಳ್ಳೆಯದರಂತೆ ಮಾರುವುದು. ಕಲಬೆರಕೆಯ ತುಪ್ಪಕ್ಕೆ ಅನ್ವಯಿಸುವ ಮಾತು ಗೋಡೆಗೂ ಅನ್ವಯಿಸುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವೂ, ಸಾಮಾನ್ಯ ಎಚ್ಚರದಿಂದ ಕಾಣದ ಮುಖ್ಯ ದೋಷವನ್ನು ಮಾಲೀಕನು ಬಲ್ಲವನಾದರೆ ತಿಳಿಸಬೇಕೆಂದೇ ವಿಧಿಸುತ್ತದೆ.

ಅದೇ ಪ್ರಕರಣ ಬಾಡಿಗೆದಾರನನ್ನೂ ಬಿಟ್ಟಿಲ್ಲ. ಸಹಜ ಸವೆತವೊಂದನ್ನುಳಿದು, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಅವನು ಕಾಪಾಡಬೇಕು. ಗೋಡೆಯಲ್ಲಿ ಅಂಗೈಯಗಲದ ಕಲೆ ಕಂಡಾಗ ಬೀರುವನ್ನು ಅದಕ್ಕೆ ಅಡ್ಡಲಾಗಿ ಸರಿಸಿ, ಬಿಡುವ ದಿನದವರೆಗೆ ಬಾಯಿ ಬಿಡದವನು ಪರಸ್ವತ್ತಿಗೆ ಹಾನಿ ಮಾಡಿದಂತೆಯೇ. ಆದರೆ ಹಲವರ ಮೌನಕ್ಕೆ ಕಾರಣ ಉದಾಸೀನವಲ್ಲ. ದೂರಿದರೆ ಮನೆ ಬಿಡಿಸಿಯಾರೆಂಬ ಭಯ. ಆ ಭಯವನ್ನು ಹುಟ್ಟಿಸಿದ ಮಾಲೀಕ, ತನಗೆ ಯಾರೂ ತಿಳಿಸಲಿಲ್ಲವೆಂದು ಹೇಳುವ ಹಕ್ಕನ್ನು ಕಳೆದುಕೊಂಡಿದ್ದಾನೆ.

ಮಾಲೀಕರೆಲ್ಲ ಧನಿಕರೂ ಅಲ್ಲ. ಒಂದೇ ಮನೆಯ ಬಾಡಿಗೆಯಿಂದ ದಿನ ದೂಡುವ ವೃದ್ಧೆಗೆ ಮಾಳಿಗೆಯ ದುರಸ್ತಿ ವರ್ಷದ ಅನ್ನವನ್ನೇ ನುಂಗಬಹುದು. ಅವರು ಹಣಕ್ಕೆ ಸಮಯ ಕೇಳಿದರೆ ತಪ್ಪಿಲ್ಲ; ದೋಷವಿದೆಯೆಂದು ಒಪ್ಪಿಕೊಳ್ಳಲು ಹಣ ಬೇಕಾಗುವುದಿಲ್ಲ. ಮಾಲೀಕನು ಮಾಡಲೇಬೇಕಾದ ದುರಸ್ತಿ ತಿಳಿಸಿದ ಮೇಲೂ ಯುಕ್ತ ಸಮಯದಲ್ಲಿ ಆಗದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಲು ಕಾಯಿದೆ ಅವಕಾಶ ಕೊಟ್ಟಿದೆ. ನ್ಯಾಯಾಲಯದ ಮೆಟ್ಟಿಲು ಹತ್ತುವ ಮುನ್ನವೇ, ಮಳೆಗಾಲಕ್ಕೆ ಮೊದಲು, ಇಬ್ಬರೂ ಕುಳಿತು ಈ ಏರ್ಪಾಟನ್ನು ಬಡ್ಡಿಯಿಲ್ಲದೆ ಒಪ್ಪಿಕೊಳ್ಳಲು ಅಡ್ಡಿಯೇನೂ ಇಲ್ಲ.