ಕೇಳುವವರ ಹೊಣೆ



ಗಾಜಿನೆಳೆಯಲ್ಲಿ ನೂರಾರು ಕಿಲೋಮೀಟರ್ ಓಡುವ ಬೆಳಕಿನ ಮಿಡಿತಗಳು (1550 ನ್ಯಾನೋಮೀಟರ್ ಆಸುಪಾಸಿನವು, ಕಣ್ಣಿಗೆ ಕಾಣವು) ದಾರಿಯಲ್ಲೇ ಹಿಗ್ಗಿ ಒಂದರ ಮೇಲೊಂದು ಬೀಳುತ್ತವೆ. ಎಲ್ಲ ತರಂಗಾಂತರಗಳ ವೇಗ ಒಂದೇ ಅಲ್ಲ. ಹಿಂದೆ ಇದನ್ನು ಸರಿದೂಗಿಸಲು ದಾರಿಯುದ್ದಕ್ಕೂ ಬೇರೆ ಬಗೆಯ ಫೈಬರ್ ಸುರುಳಿ ಸೇರಿಸುತ್ತಿದ್ದರು. ಈಗ ದೂರದ ಮಾರ್ಗಗಳಲ್ಲಿ ಆ ಹೊಣೆ ರಿಸೀವರಿನೊಳಗಿನ ಚಿಪ್‌ನದು. ದಾರಿ ಎಷ್ಟು ಕಲಸಿದೆಯೆಂದು ಅಂದಾಜಿಸಿ, ಅಷ್ಟನ್ನು ಲೆಕ್ಕದಲ್ಲೇ ಬಿಡಿಸಿ, ಆಮೇಲಷ್ಟೇ ಸೊನ್ನೆಯೋ ಒಂದೋ ಎನ್ನುತ್ತದೆ.

ಮನೆತನದಲ್ಲೇ ಮೊದಲು ಶಾಲೆ ಕಂಡ ಮಗು ತರಗತಿಯಲ್ಲಿ ತಡವರಿಸಿದರೆ, ಮಾತು ತಲುಪಿಸುವ ಹೊಣೆ ಯಾರದು? ಮಗುವಿನದೊಂದೇ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಅತಿಯಾಗಿ ತಿದ್ದಿದರೂ ಸಂಕೇತ ಕೆಡುತ್ತದೆ. ಅದರ ಬಾಯಿಗೆ ನಮ್ಮ ಮಾತು ತುರುಕಬಾರದು. "ಮನೇಲಿ ಮಾತಾಡ್ತೀಯಲ್ಲ, ಹಂಗೇ ಇನ್ನೊಂದ್ಸಲ ಹೇಳು" ಎಂದು ನಾನು ಕಾಯುತ್ತೇನೆ.