ಬಲಹೀನತೆಯೂ ದೇವರ ಬಲವೂ

ಪ್ರಿಯರೇ, ಬಲಹೀನರಾದಾಗ ದೇವರ ಬಲವನ್ನು ಆಶ್ರಯಿಸಬೇಕೆಂಬ ಬೋಧನೆಯನ್ನು ನಾವು ಸಭೆಯಲ್ಲಿ ಅನೇಕಾವರ್ತಿ ಕೇಳಿದ್ದೇವೆ. ಆದರೆ ಜ್ವರದಿಂದ ಮಲಗಿದವನಿಗೂ, ಸಾಲದಲ್ಲಿ ಸಿಕ್ಕಿದವನಿಗೂ, ಕೂಲಿಗೆ ಹೋಗಲಾರದ ವಿಧವೆಗೂ ಈ ಮಾತಿನಿಂದ ಆಗುವ ಪ್ರಯೋಜನವೇನು? ಕೈಕಟ್ಟಿ ಕುಳಿತುಕೊಳ್ಳುವದೇ ಆಶ್ರಯವೋ? ಬಲವನ್ನು ಕೊಡುವ ದೇವರು ಬಲಹೀನತೆಯನ್ನೇ ಏಕೆ ತೆಗೆದುಬಿಡುವದಿಲ್ಲ? ಇದನ್ನು ಸ್ವಲ್ಪ ವಿಚಾರಿಸೋಣ.

ಗಂಗಾವತಿ ತಾಲೂಕಿನಲ್ಲಿ ಆನೆಗುಂದಿಯ ಹತ್ತಿರ ಹನುಮನಹಳ್ಳಿ ಎಂಬ ಊರುಂಟು. ಆ ಸೀಮೆಯಲ್ಲೆಲ್ಲಾ ಬಂಡೆಗಲ್ಲಿನ ಗುಡ್ಡಗಳು. ಗುಡ್ಡಗಳ ಬುಡದಲ್ಲಿ ಭತ್ತದ ಗದ್ದೆಗಳೂ ಬಾಳೆಯ ತೋಟಗಳೂ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರಾ ನದಿಯಿಂದ ತೆಗೆದ ಕಾಲುವೆಗಳು ಅಲ್ಲಿ ಇಂದಿಗೂ ಭೂಮಿಗೆ ನೀರುಣಿಸುತ್ತವೆ. ಎತ್ತರದ ಬಂಡೆಯು ಹೊಳೆಗೆ ಎಷ್ಟೇ ಸಮೀಪವಾಗಿದ್ದರೂ ಬೇಸಿಗೆಯಲ್ಲಿ ಕಾದು ಒಣಗಿರುತ್ತದೆ. ತಗ್ಗಿನ ಗದ್ದೆಯಾದರೋ ಹಸುರಾಗಿರುತ್ತದೆ. ಏಕಂದರೆ ನೀರು ತಗ್ಗನ್ನು ಹುಡುಕಿಕೊಂಡು ಹೋಗುವದು. ತನ್ನಲ್ಲಿ ಎಲ್ಲವೂ ಉಂಟೆಂದು ತಲೆಯೆತ್ತಿ ನಿಂತ ಮನಸ್ಸು ಆ ಬಂಡೆಯ ಹಾಗೆ. ತನ್ನ ಕೊರತೆಯನ್ನು ಒಪ್ಪಿಕೊಂಡ ಮನಸ್ಸು ಆ ಗದ್ದೆಯ ಹಾಗೆ. ಆದರೂ ಒಕ್ಕಲಿಗನು ಸುಮ್ಮನೆ ಕುಳಿತಿರುವದಿಲ್ಲ. ಹೂಳನ್ನು ತೆಗೆಯುತ್ತಾನೆ, ಬದುವನ್ನು ಕಟ್ಟುತ್ತಾನೆ. ನೀರನ್ನು ಹುಟ್ಟಿಸಲಾರನು, ಅದಕ್ಕೆ ದಾರಿಯನ್ನು ಮಾಡಬಲ್ಲನು. ಪ್ರಾರ್ಥನೆ ಮಾಡುವದೂ ಔಷಧ ತೆಗೆದುಕೊಳ್ಳುವದೂ ಒಂದಕ್ಕೊಂದು ವಿರೋಧವಲ್ಲ.

ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿದ್ದ ಒಂದು ಮುಳ್ಳಿನ ವಿಷಯವಾಗಿ ಮೂರು ಸಾರಿ ಬೇಡಿಕೊಂಡನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಮುಳ್ಳು ಯಾವದೆಂದು ಅವನು ಹೇಳಲಿಲ್ಲ; ಅದು ಹೋಯಿತೆಂದೂ ಬರೆಯಲಿಲ್ಲ. ಅವನು ಹೊಂದಿದ್ದು ಅದನ್ನು ಹೊತ್ತು ನಡೆಯುವ ಕೃಪೆಯನ್ನು. ಆದಕಾರಣ ರೋಗವು ಬಿಡದವನನ್ನು ನೋಡಿ, ಇವನಿಗೆ ವಿಶ್ವಾಸ ಸಾಲದು ಎನ್ನುವವರು ಪೌಲನನ್ನೇ ದೂರಿದಂತಾಗುವದು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. 1858ರಲ್ಲಿ ಹುಟ್ಟಿದ ರಮಾಬಾಯಿಯವರು ಬರಗಾಲದಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ, 1880ರಲ್ಲಿ ಅಣ್ಣನನ್ನೂ, 1882ರಲ್ಲಿ ಗಂಡನನ್ನೂ ಕಳಕೊಂಡರು. ಮರುವರುಷ ಚಿಕ್ಕ ಮಗಳನ್ನು ಕರಕೊಂಡು ವೈದ್ಯವಿದ್ಯೆಗಾಗಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಾ ಬಂದದರಿಂದ ಆ ಬಾಗಿಲು ಮುಚ್ಚಿಹೋಯಿತು. ಕಿವಿಯು ವಾಸಿಯಾಗಲಿಲ್ಲ. ಆದರೆ 1889ರಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896–97ರ ಕ್ಷಾಮದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರತಂದರು. ಅವರಿಗೆ ಕೇಡಗಾಂವದ ಮುಕ್ತಿ ಸದನವು ಮನೆಯಾಯಿತು. ಸತ್ಯವೇದವನ್ನು ಮರಾಠಿ ಭಾಷೆಗೆ ತರುವ ಕೆಲಸವನ್ನು ಮುಗಿಸಿ 1922ರಲ್ಲಿ ತೀರಿಕೊಂಡರು. ತಾವು ಹಸಿವೆಯನ್ನೂ ವೈಧವ್ಯವನ್ನೂ ಅನುಭವಿಸಿದ್ದರಿಂದಲೇ ಅಂಥವರ ನೋವು ಅವರಿಗೆ ತಿಳಿದಿತ್ತು.

ಇಷ್ಟರಿಂದ ದುಃಖವು ಒಳ್ಳೇದೆಂದು ಯಾರೂ ಹೇಳಬಾರದು. ಮುಳ್ಳು ಮುಳ್ಳೇ, ಅದು ನೋಯಿಸುತ್ತದೆ. ನೋಯುವವನು ಅಳುವದು ಅವಿಶ್ವಾಸವಲ್ಲ. ಕರ್ತನೂ ಗೆತ್ಸೇಮನೆಯಲ್ಲಿ ಮನಗುಂದಿ ಪ್ರಾರ್ಥಿಸಿದನಷ್ಟೇ. ಇನ್ನೊಂದು ಮಾತು: ಕಾಲುವೆಯ ಹೂಳನ್ನು ಒಬ್ಬನೇ ತೆಗೆಯಲಾರನು. ದೇವರ ಬಲವು ಅನೇಕ ವೇಳೆ ನೆರೆಯವನ ಕೈಯಿಂದಲೇ ಬರುತ್ತದೆ. ಮಲಗಿದವನ ಹೊಲವನ್ನು ಯಾರು ಹರಗಿದರು? ವಿಧವೆಯ ಮನೆಗೆ ಯಾರು ಜೋಳವನ್ನು ಮುಟ್ಟಿಸಿದರು? ನಾವು ಹೋಗದೆ, ದೇವರು ನೋಡಿಕೊಳ್ಳುವನೆಂದು ಹೇಳಿದರೆ ಕಾಲುವೆಗೆ ನಾವೇ ಕಲ್ಲು ಹಾಕಿದ ಹಾಗಾಯಿತು.

ಹೀಗಿರಲಾಗಿ, ಪ್ರಿಯರೇ, ಬಲಹೀನನಾದವನು ನಾಚಿಕೊಂಡು ಮನೆಯಲ್ಲಿ ಅಡಗದೆ ಸಹಾಯವನ್ನು ಕೇಳಲಿ. ಬಲವುಳ್ಳವನು ಕೇಳುವ ಮುಂಚೆಯೇ ಎದ್ದು ಹೋಗಲಿ. ಇಬ್ಬರೂ ಒಬ್ಬನೇ ತಂದೆಯಿಂದ ಬಲವನ್ನು ಹೊಂದುವವರು.